ಚೆಟ್ರಿಗೆ ಅಂಕ ಹಾಕಿದವರು ಯಾರು?

2021ರ ಅಕ್ಟೋಬರ್ 1ರಂದು ‘ಫಿಫಾ 22’ ವಿಡಿಯೋ ಗೇಮ್ ಮಾರುಕಟ್ಟೆಗೆ ಬಂತು. ಇಂಡಿಯನ್ ಸೂಪರ್ ಲೀಗ್‌ನ ಹನ್ನೊಂದು ಕ್ಲಬ್‌ಗಳು ಆ ಸರಣಿಯೊಳಗೆ ಕಾಲಿಟ್ಟದ್ದು ಅದೇ ಮೊದಲು. ಬಾರ್ಸಿಲೋನಾ, ಲಿವರ್‌ಪೂಲ್‌ಗಳಿದ್ದ ಪಟ್ಟಿಯಲ್ಲಿ ಬೆಂಗಳೂರು ಎಫ್‌ಸಿಯ ನೀಲಿ ಅಂಗಿಯೂ ಕಂಡಿತು. ಬರೀ ಟಿವಿಯಲ್ಲಿ ನೋಡುತ್ತಿದ್ದ ಆ ತಂಡದ ಸ್ಟ್ರೈಕರ್ ಸುನಿಲ್ ಚೆಟ್ರಿಯನ್ನು ಇನ್ನು ಮುಂದೆ ತಮ್ಮ ಕೈಯಾರೆ ಓಡಿಸಬಹುದು ಎಂಬ ಸಂಭ್ರಮ ಕರ್ನಾಟಕದ ಅಭಿಮಾನಿಗಳಿಗೆ. ಆದರೆ ತಂಡದ ಪಟ್ಟಿ ತೆರೆದೊಡನೆ ಕಣ್ಣು ಹೋಗುವುದು ಹೆಸರಿನ ಪಕ್ಕದ ಅಂಕೆಯ ಮೇಲೆ. ಈ ಆಟದಲ್ಲಿ 75 ಮತ್ತು ಅದಕ್ಕಿಂತ ಹೆಚ್ಚು ಅಂಕ ಪಡೆದವರದ್ದು ಚಿನ್ನದ ಕಾರ್ಡು, 65ರಿಂದ 74ರವರೆಗೆ ಬೆಳ್ಳಿ, ಅದಕ್ಕೂ ಕೆಳಗೆ ಕಂಚು. ನಮ್ಮ ಲೀಗ್‌ನ ಭಾರತೀಯರಲ್ಲಿ ಒಬ್ಬರಿಗೂ ಚಿನ್ನ ಸಿಗಲಿಲ್ಲ. ಹೆಚ್ಚಿನವರದ್ದು ಕಂಚು.

“ಎಂಥ ಮಾರಾಯ, ಇಷ್ಟೇನಾ?” ಎಂದು ಮೂಡಿಗೆರೆಯ ಹುಡುಗನೊಬ್ಬ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಈ ಅಂಕೆಯನ್ನು ಹಾಕಿದವರು ಯಾರು? ಏನನ್ನು ನೋಡಿ ಹಾಕಿದರು? ಕಳಸದಲ್ಲೋ ಚಿಕ್ಕಮಗಳೂರಿನಲ್ಲೋ ಕೂತು ಫೋನಿನಲ್ಲಿ ತಂಡ ಕಟ್ಟುವವರು ಅದನ್ನು ಎಷ್ಟರಮಟ್ಟಿಗೆ ನಂಬಬಹುದು?

ಅಂಕ ಹಾಕುವುದು ಯಂತ್ರವೇ ಇರಬೇಕೆಂದು ಹಲವರು ಭಾವಿಸಿದ್ದಾರೆ. ಹಾಗೇನಿಲ್ಲ. ಅಂಕೆಯ ಹಿಂದೆ ಇರುವುದು ಮನುಷ್ಯರ ಕಣ್ಣು. ಆಟವನ್ನು ತಯಾರಿಸುವ ಇಎ ಸ್ಪೋರ್ಟ್ಸ್ ಸಂಸ್ಥೆಯಲ್ಲಿ ದತ್ತಾಂಶಕ್ಕೆಂದೇ ಒಂದು ವಿಭಾಗವಿದೆ. ಬಹುಕಾಲ ಅದರ ಮುಖ್ಯಸ್ಥರಾಗಿದ್ದವರು ಜರ್ಮನಿಯ ಮೈಕೆಲ್ ಮುಲ್ಲರ್-ಮೋರಿಂಗ್. ಒಳಗಿನ ಸಣ್ಣ ತಂಡಕ್ಕೆ ಜಗತ್ತಿನಾದ್ಯಂತ ಹರಡಿರುವ ಸಾವಿರಾರು ವೀಕ್ಷಕರ ಬೆಂಬಲವಿದೆ. ಅವರಲ್ಲಿ ತರಬೇತುದಾರರಿದ್ದಾರೆ, ಸ್ಕೌಟ್‌ಗಳಿದ್ದಾರೆ, ತಮ್ಮೂರಿನ ಕ್ಲಬ್ಬಿನ ಪಂದ್ಯಕ್ಕೆ ತಪ್ಪದೆ ಹೋಗುವ ಸಾಮಾನ್ಯ ಅಭಿಮಾನಿಗಳೂ ಇದ್ದಾರೆ. ಒಬ್ಬ ಆಟಗಾರನ ವೇಗ ಎಷ್ಟು, ಚೆಂಡು ಹಿಡಿತದಲ್ಲಿ ಎಷ್ಟು ನಿಲ್ಲುತ್ತದೆ, ಎಡಗಾಲು ಎಷ್ಟು ನಂಬಿಕೆಗೆ ಅರ್ಹ ಎಂದು ಅವರು ಸೂಚಿಸುತ್ತಾರೆ. ಒಳಗಿನವರು ಅದನ್ನು ತೂಗಿ, ಬೇರೆ ಲೀಗ್‌ಗಳ ಜೊತೆ ಹೋಲಿಸಿ, ಅಂಕೆಗಿಳಿಸುತ್ತಾರೆ.

ಕಾರ್ಡಿನ ಮೇಲೆ ಕಾಣುವುದು ಆರು ಗುಣ: ವೇಗ, ಶೂಟಿಂಗ್, ಪಾಸಿಂಗ್, ಡ್ರಿಬ್ಲಿಂಗ್, ಡಿಫೆಂಡಿಂಗ್, ದೈಹಿಕ ಬಲ. ಗೋಲ್‌ಕೀಪರ್‌ಗೆ ಬೇರೆಯದೇ ಆರು. ಇವುಗಳ ಅಡಿಯಲ್ಲಿ ಮೂವತ್ತಕ್ಕೂ ಹೆಚ್ಚು ಒಳಗುಣಗಳಿವೆ. ವೇಗ ಎಂಬ ಒಂದೇ ಅಂಕೆಯಲ್ಲಿ ನಿಂತಲ್ಲಿಂದ ಚಿಮ್ಮುವ ಶಕ್ತಿಯೂ ಉದ್ದಕ್ಕೆ ಓಡುವ ವೇಗವೂ ಬೆರೆತಿರುತ್ತವೆ. ಒಬ್ಬ ಮೊದಲ ಐದು ಹೆಜ್ಜೆಯಲ್ಲಿ ಎದುರಾಳಿಯನ್ನು ಹಿಂದೆ ಹಾಕುತ್ತಾನೆ, ಇನ್ನೊಬ್ಬ ಅರ್ಧ ಮೈದಾನ ಓಡಿದ ಮೇಲೆ. ಕಾರ್ಡಿನ ಮೇಲೆ ಇಬ್ಬರದ್ದೂ ಒಂದೇ ಅಂಕೆ ಇರಬಹುದು.

ದೊಡ್ಡಕ್ಷರದಲ್ಲಿ ಕಾಣುವ ಒಟ್ಟು ಅಂಕ ಈ ಗುಣಗಳ ಸರಾಸರಿ ಎಂದುಕೊಳ್ಳುವುದೂ ತಪ್ಪೇ. ಆಟಗಾರ ನಿಲ್ಲುವ ಜಾಗಕ್ಕೆ ತಕ್ಕಂತೆ ಒಂದೊಂದು ಗುಣಕ್ಕೆ ಒಂದೊಂದು ತೂಕ. ಸ್ಟ್ರೈಕರ್‌ಗೆ ಗೋಲು ಮುಗಿಸುವ ಚಾಕಚಕ್ಯತೆಯೇ ಮುಖ್ಯ, ಅವನಿಗೆ ಟ್ಯಾಕಲ್ ಬಾರದಿದ್ದರೂ ಒಟ್ಟು ಅಂಕಕ್ಕೆ ಪೆಟ್ಟಿಲ್ಲ. ಅದೇ ಆಟಗಾರನನ್ನು ಹಿಂದೆ ಡಿಫೆನ್ಸ್‌ನಲ್ಲಿ ನಿಲ್ಲಿಸಿದರೆ ಅಂಕ ದಬ್ಬನೆ ಇಳಿಯುತ್ತದೆ. ಹಳೆಯ ಆವೃತ್ತಿಗಳಲ್ಲಿ ಇನ್ನೊಂದು ಲೆಕ್ಕವೂ ಸೇರುತ್ತಿತ್ತು. ಅಂತರರಾಷ್ಟ್ರೀಯ ಖ್ಯಾತಿಗೆ ಒಂದರಿಂದ ಐದು ನಕ್ಷತ್ರ ಕೊಟ್ಟು, ಹೆಚ್ಚು ನಕ್ಷತ್ರದವರ ಒಟ್ಟು ಅಂಕವನ್ನು ಒಂದೆರಡು ಮೆಟ್ಟಿಲು ಮೇಲಕ್ಕೆತ್ತುತ್ತಿದ್ದರು. ಅಂದರೆ ಹೆಸರಿದ್ದವನಿಗೆ ಹೆಸರಿಗಾಗಿಯೇ ಅಂಕ.

ಕಾಫಿ ಸೀಮೆಯ ಓದುಗರಿಗೆ ಇಲ್ಲೊಂದು ತೊಡಕು ತಟ್ಟನೆ ಹೊಳೆಯಬೇಕು. ರುಚಿಯನ್ನು ಅಂಕೆಗಿಳಿಸುವ ಕೆಲಸವನ್ನು ಈ ಬೆಟ್ಟಗಳು ಬಹಳ ಕಾಲದಿಂದ ಬಲ್ಲವು. ಬಾಳೆಹೊನ್ನೂರಿನ ಬಳಿ 1925ರಲ್ಲಿ ಶುರುವಾದ ಕಾಫಿ ಸಂಶೋಧನಾ ಕೇಂದ್ರ ಇದೇ ಜಿಲ್ಲೆಯದು. ಗುಣಮಟ್ಟ ಅಳೆಯುವವರನ್ನು ತಯಾರು ಮಾಡಲೆಂದೇ ಕಾಫಿ ಮಂಡಳಿ ಸ್ನಾತಕೋತ್ತರ ಡಿಪ್ಲೊಮಾ ನಡೆಸುತ್ತದೆ. ವಿಶೇಷ ಕಾಫಿಯ ಲೋಕದಲ್ಲಿ ಹಲವು ವರ್ಷ ಚಾಲ್ತಿಯಲ್ಲಿದ್ದ ಕಪ್ಪಿಂಗ್ (ರುಚಿ ನೋಡಿ ಅಂಕ ಹಾಕುವ) ಪಟ್ಟಿಯಲ್ಲಿ ಹತ್ತು ಕಲಂ: ಘಮ, ಸ್ವಾದ, ನಾಲಿಗೆಯಲ್ಲಿ ಉಳಿಯುವ ರುಚಿ, ಹುಳಿ, ಬಾಡಿ (ಬಾಯಲ್ಲಿ ತಿಳಿಯುವ ತೂಕ), ಹೊಂದಾಣಿಕೆ, ಲೋಟದಿಂದ ಲೋಟಕ್ಕೆ ಏಕರೂಪತೆ, ಶುಚಿ, ಸಿಹಿ, ಕೊನೆಗೆ ರುಚಿ ನೋಡಿದವರ ಒಟ್ಟಾರೆ ಅಭಿಪ್ರಾಯ. ನೂರಕ್ಕೆ ಎಂಬತ್ತು ಮುಟ್ಟಿದರೆ ಆ ಕಾಫಿ ‘ಸ್ಪೆಷಾಲಿಟಿ’. ಒಂದೇ ಮಾದರಿಯನ್ನು ಐದು ಲೋಟದಲ್ಲಿ ಹಾಕಿ ನೋಡುತ್ತಾರೆ, ಒಂದು ಲೋಟ ಕೆಟ್ಟರೂ ಅಂಕ ಕಡಿತ. ಎಲ್ಲಕ್ಕಿಂತ ಮುಖ್ಯವಾಗಿ, ಲೋಟದ ಮೇಲೆ ತೋಟದ ಹೆಸರಿರುವುದಿಲ್ಲ, ಬರೀ ಒಂದು ಗುರುತಿನ ಸಂಖ್ಯೆ. ಬಾಬಾಬುಡನ್‌ಗಿರಿಯ ದೊಡ್ಡ ಎಸ್ಟೇಟಿನದೋ ಕಳಸದ ಕಡೆಯ ಎರಡೆಕರೆಯದೋ ಎಂಬುದು ಚಮಚ ಹಿಡಿದವರಿಗೆ ತಿಳಿಯದು. ಕೆಲಸಕ್ಕೆ ಕೂರುವ ಮೊದಲು ಎಲ್ಲರೂ ಒಂದೇ ಮಾದರಿಯನ್ನು ಸವಿದು, ತಮ್ಮ ತಮ್ಮ ನಾಲಿಗೆಯನ್ನು ಪರಸ್ಪರ ಸರಿಹೊಂದಿಸಿಕೊಳ್ಳುತ್ತಾರೆ.

ಫುಟ್ಬಾಲ್‌ನಲ್ಲಿ ಹೆಸರು ಮುಚ್ಚಿಟ್ಟು ಅಂಕ ಹಾಕುವ ದಾರಿಯೇ ಇಲ್ಲ. ಹತ್ತನೇ ನಂಬರಿನ ಅಂಗಿ ತೊಟ್ಟು ಓಡುತ್ತಿರುವವರು ಮೆಸ್ಸಿ ಎಂಬುದು ನೋಡುವವರಿಗೆ ಗೊತ್ತು. ಚೆಟ್ರಿ ಆಡುತ್ತಿರುವುದು ಏಷ್ಯಾದ ಒಂದು ಲೀಗ್‌ನಲ್ಲಿ ಎಂಬುದೂ ಗೊತ್ತು. ಸಾವಿರಾರು ವೀಕ್ಷಕರ ಕಣ್ಣನ್ನು ಪರಸ್ಪರ ಸರಿಹೊಂದಿಸುವುದೂ ಸುಲಭವಲ್ಲ. ಇಂಗ್ಲಿಷ್ ಪ್ರೀಮಿಯರ್ ಲೀಗ್‌ನ ಪಂದ್ಯವೊಂದನ್ನು ಹತ್ತಾರು ಕ್ಯಾಮೆರಾಗಳು ಹಿಡಿಯುತ್ತವೆ. ಪ್ರತಿ ಪಾಸ್, ಪ್ರತಿ ಓಟ ದಾಖಲಾಗುತ್ತದೆ, ಕೋಟ್ಯಂತರ ಜನ ನೋಡುತ್ತಾರೆ. ಅಲ್ಲಿನ ಅಂಕಕ್ಕೆ ಆಧಾರ ದಟ್ಟವಾಗಿದೆ. ನೋಡುವವರು ಕಡಿಮೆ ಇರುವ ಲೀಗ್‌ಗಳಲ್ಲಿ ಅಂಕ ಹಾಕುವವರು ಊಹೆಯ ಕಡೆಗೆ, ಮತ್ತು ‘ಆ ಲೀಗ್‌ನವರಿಗೆ ಇಷ್ಟು’ ಎಂಬ ಒಟ್ಟಂದಾಜಿನ ಕಡೆಗೆ ವಾಲುವುದು ಸಹಜ. ಹಾಗಾಗಿ ರೇಟಿಂಗ್ ಎಂಬುದು ಆಟಗಾರ ಎಷ್ಟು ಚೆನ್ನಾಗಿ ಆಡುತ್ತಾನೆ ಎನ್ನುವುದರ ಜೊತೆಗೆ, ಅವನನ್ನು ಎಷ್ಟು ಜನ ನೋಡಿದ್ದಾರೆ ಎನ್ನುವುದನ್ನೂ ಹೇಳುತ್ತದೆ. ಎರಡನೆಯದನ್ನು ಮರೆತು ಮೊದಲನೆಯದನ್ನು ಮಾತ್ರ ಓದಿದಾಗ ಅನ್ಯಾಯವಾಗುತ್ತದೆ.

ಚೆಟ್ರಿಯವರ ಉದಾಹರಣೆಯಲ್ಲೇ ಇದನ್ನು ಬಿಡಿಸಿ ನೋಡಬಹುದು. 2016ರ ಅಕ್ಟೋಬರ್ 19ರಂದು ಕಂಠೀರವ ಕ್ರೀಡಾಂಗಣದಲ್ಲಿ ಎಎಫ್‌ಸಿ ಕಪ್ ಸೆಮಿಫೈನಲ್‌ನ ಎರಡನೇ ಪಂದ್ಯ. ಎದುರಾಳಿ ಮಲೇಷ್ಯಾದ ಜೋಹೋರ್ ದಾರುಲ್ ತಾಝಿಂ, ಹಿಂದಿನ ವರ್ಷದ ಚಾಂಪಿಯನ್ನರು. ಬೆಂಗಳೂರು 3-1ರಿಂದ ಗೆದ್ದಿತು, ಎರಡು ಗೋಲು ಚೆಟ್ರಿಯವರದು. ಭಾರತದ ಕ್ಲಬ್ಬೊಂದು ಆ ಟೂರ್ನಿಯ ಫೈನಲ್ ತಲುಪಿದ್ದು ಅದೇ ಮೊದಲು. ಚೆಟ್ರಿ ಎತ್ತರದ ಆಳಲ್ಲ, ಸುಮಾರು ಐದಡಿ ಏಳಂಗುಲ. ಆದರೂ ಎತ್ತರದ ಡಿಫೆಂಡರ್‌ಗಳ ನಡುವೆ ಚೆಂಡು ಬೀಳುವ ಜಾಗವನ್ನು ಮೊದಲೇ ಊಹಿಸಿ, ಸರಿಯಾದ ಕ್ಷಣಕ್ಕೆ ಜಿಗಿದು ತಲೆ ಕೊಡುವುದರಲ್ಲಿ ಅವರು ನುರಿತವರು. ಈ ಗುಣ ಆಟದೊಳಗೆ ಎಲ್ಲಿದೆ? ಹೆಡ್ಡಿಂಗ್ ನಿಖರತೆ, ಜಿಗಿತ, ಸ್ಥಾನ ಹಿಡಿಯುವಿಕೆ ಎಂಬ ಮೂರು ಬೇರೆ ಬೇರೆ ಒಳಗುಣಗಳಲ್ಲಿ ಚದುರಿಹೋಗಿದೆ. ಒಟ್ಟು ಅಂಕ ನೋಡಿ ಕಾರ್ಡು ಬದಿಗಿಡುವವರಿಗೆ ಅದು ಕಾಣುವುದೇ ಇಲ್ಲ.

ವಯಸ್ಸಿನ ವಿಷಯವೂ ಹೀಗೆಯೇ. ಮೂವತ್ತೈದು ದಾಟಿದ ಆಟಗಾರನ ವೇಗ, ದಮ್ಮು ಎರಡನ್ನೂ ಈ ಆಟಗಳು ವರ್ಷದಿಂದ ವರ್ಷಕ್ಕೆ ಇಳಿಸುತ್ತವೆ. ಸಾಮಾನ್ಯ ನಿಯಮವಾಗಿ ಅದು ಸರಿ. ಆದರೆ 2024-25ರ ಐಎಸ್‌ಎಲ್‌ನಲ್ಲಿ ನಲವತ್ತರ ಚೆಟ್ರಿ 14 ಗೋಲು ಹೊಡೆದು ಭಾರತೀಯರಲ್ಲೇ ಮೊದಲಿಗರಾದರು. 2024ರ ಜೂನ್‌ನಲ್ಲಿ 94 ಗೋಲುಗಳೊಂದಿಗೆ ದೇಶದ ತಂಡಕ್ಕೆ ವಿದಾಯ ಹೇಳಿದ್ದವರು 2025ರ ಮಾರ್ಚ್‌ನಲ್ಲಿ ಮರಳಿ ಬಂದು ಮಾಲ್ಡೀವ್ಸ್ ವಿರುದ್ಧ ಮತ್ತೊಂದು ಹೊಡೆದರು. ಹುಟ್ಟಿದ ತಾರೀಖು ನೋಡಿ ಅಂಕ ಇಳಿಸುವ ಪದ್ಧತಿಗೆ ಇಂಥ ಆಟಗಾರನನ್ನು ಹಿಡಿಯುವುದು ಕಷ್ಟ.

ಒಳಗುಣಗಳನ್ನು ಓದುವವರಿಗೆ ಇಂಗ್ಲೆಂಡಿನ ಅಡೆಬಾಯೊ ಅಕಿನ್ಫೆನ್ವಾ ಒಳ್ಳೆಯ ಪಾಠ. ಕೆಳಹಂತದ ಲೀಗ್‌ಗಳಲ್ಲಿ ಆಡುತ್ತಿದ್ದ ದೈತ್ಯ ದೇಹದ ಸ್ಟ್ರೈಕರ್. ಒಟ್ಟು ಅಂಕ ಅರವತ್ತರ ಆಸುಪಾಸು. ಆದರೆ ದೇಹಬಲ ಎಂಬ ಒಂದು ಕಲಂನಲ್ಲಿ ಹಲವು ವರ್ಷ ಇಡೀ ಆಟದಲ್ಲೇ ಅಗ್ರರ ಸಾಲಿನಲ್ಲಿದ್ದರು. ಅವರನ್ನು ಮುಂದೆ ನಿಲ್ಲಿಸಿ, ಎತ್ತರದ ಚೆಂಡು ಹಾಕಿ, ಬೆನ್ನು ಕೊಟ್ಟು ಹಿಡಿದುಕೊಳ್ಳುವಂತೆ ಆಡಿಸುವವರಿಗೆ ಆ ಕಡಿಮೆ ಅಂಕದ ಕಾರ್ಡು ಚಿನ್ನಕ್ಕಿಂತ ಹೆಚ್ಚು ಕೆಲಸಕ್ಕೆ ಬಂತು. ಜಗತ್ತಿನಾದ್ಯಂತ ಅವರಿಗೆ ಅಭಿಮಾನಿಗಳಾದದ್ದು ಈ ಆಟದಿಂದಲೇ.

ಅಂಕದ ಕಥೆ ಒಂದಾದರೆ ಪಟ್ಟಿಯದು ಇನ್ನೊಂದು. ಯಾವ ತಂಡದಲ್ಲಿ ಯಾರಿರಬೇಕು ಎಂಬುದನ್ನು ಮೈದಾನಕ್ಕಿಂತ ಹೆಚ್ಚಾಗಿ ತೀರ್ಮಾನಿಸುವುದು ಪರವಾನಗಿ ಕರಾರು. 1993ರ ಕೊನೆಯಲ್ಲಿ ಬಂದ ಮೊದಲ ‘ಫಿಫಾ’ ಆಟದಲ್ಲಿ ಆಟಗಾರರ ಹೆಸರುಗಳೆಲ್ಲ ಕಟ್ಟುಹೆಸರುಗಳು. ಜಪಾನಿನ ಕೊನಾಮಿ ಸಂಸ್ಥೆಯ ಆಟದಲ್ಲಿ ಬ್ರೆಜಿಲ್‌ನ ರಾಬರ್ಟೊ ಕಾರ್ಲೋಸ್ ಒಂದು ಕಾಲಕ್ಕೆ ‘ರಾಬರ್ಟೊ ಲಾರ್ಕೋಸ್’ ಆಗಿದ್ದರು, ಲಿವರ್‌ಪೂಲ್ ‘ಮರ್ಸಿಸೈಡ್ ರೆಡ್’ ಆಗಿತ್ತು. ಇಟಲಿಯ ಯುವೆಂಟಸ್ ಕೊನಾಮಿಯ ಜೊತೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡದ್ದರಿಂದ ‘ಫಿಫಾ 20’ರಿಂದ ಮೂರು ಆವೃತ್ತಿಗಳಲ್ಲಿ ‘ಪಿಯೆಮೊಂಟೆ ಕಾಲ್ಚಿಯೊ’ ಎಂಬ ಹೆಸರಿನಲ್ಲಿ ಕಾಣಿಸಿಕೊಂಡಿತು. 2020ರ ನವೆಂಬರ್‌ನಲ್ಲಿ ಜ್ಲಾಟನ್ ಇಬ್ರಾಹಿಮೊವಿಚ್, ತಮ್ಮ ಹೆಸರು, ಮುಖ ಬಳಸಲು ಅನುಮತಿ ಕೊಟ್ಟವರು ಯಾರೆಂದು ಬಹಿರಂಗವಾಗಿಯೇ ಕೇಳಿದರು. ಕೊನೆಗೆ ಇಎಗೆ ಫಿಫಾ ಸಂಸ್ಥೆಯ ಜೊತೆಗಿದ್ದ ನಂಟೇ ಕಳಚಿ, 2023ರಿಂದ ಆ ಸರಣಿ ‘ಇಎ ಸ್ಪೋರ್ಟ್ಸ್ ಎಫ್‌ಸಿ’ ಎಂಬ ಹೊಸ ಹೆಸರಿನಲ್ಲಿ ನಡೆಯುತ್ತಿದೆ.

ಬೆಂಗಳೂರು ಎಫ್‌ಸಿಯ ಗೋಲ್‌ಕೀಪರ್ ಗುರ್‌ಪ್ರೀತ್ ಸಿಂಗ್ ಸಂಧು, ಪಟ್ಟಿಯನ್ನು ತೀರ್ಮಾನಿಸುವುದು ಕರಾರು ಎಂಬುದಕ್ಕೆ ಹತ್ತಿರದ ಸಾಕ್ಷಿ. 2014ರಿಂದ 2017ರವರೆಗೆ ಅವರು ನಾರ್ವೆಯ ಸ್ಟಾಬೆಕ್ ಕ್ಲಬ್ಬಿನಲ್ಲಿದ್ದರು. ಯುರೋಪಾ ಲೀಗ್‌ನಲ್ಲಿ ಆಡಿದ ಮೊದಲ ಭಾರತೀಯ ಅವರೇ. ನಾರ್ವೆಯ ಲೀಗ್ ಆಗ ಫಿಫಾ ಆಟದೊಳಗಿತ್ತು. 2017ರಲ್ಲಿ ಅವರು ಬೆಂಗಳೂರಿಗೆ ಬಂದರು, ಇಲ್ಲಿ ಇನ್ನಷ್ಟು ಬೆಳೆದರು, 2019ರ ಮಾರ್ಚ್‌ನಲ್ಲಿ ಗೋವಾ ತಂಡವನ್ನು 1-0ರಿಂದ ಸೋಲಿಸಿ ಐಎಸ್‌ಎಲ್ ಗೆದ್ದ ತಂಡದ ಗೋಲು ಕಾದರು. ಆ ಎಲ್ಲ ವರ್ಷಗಳಲ್ಲಿ ಅವರ ಹೊಸ ಕ್ಲಬ್ಬು ಆಟದೊಳಗೆ ಇರಲೇ ಇಲ್ಲ. ಆಟಗಾರ ಅದೇ, ಕೈಗಳೂ ಅವೇ. ಕರಾರು ಮಾತ್ರ ಬೇರೆ.

ಸಂಖ್ಯೆಯನ್ನು ಇನ್ನೂ ಗಂಭೀರವಾಗಿ ತೆಗೆದುಕೊಂಡ ಆಟವೊಂದಿದೆ. ಇಂಗ್ಲೆಂಡಿನ ಪಾಲ್ ಮತ್ತು ಆಲಿವರ್ ಕಾಲ್ಯರ್ ಎಂಬ ಅಣ್ಣತಮ್ಮಂದಿರು ಕಟ್ಟಿ 1992ರಲ್ಲಿ ಹೊರತಂದ ‘ಚಾಂಪಿಯನ್‌ಶಿಪ್ ಮ್ಯಾನೇಜರ್’, ಮುಂದೆ ‘ಫುಟ್ಬಾಲ್ ಮ್ಯಾನೇಜರ್’ ಆಯಿತು. ಇದರಲ್ಲಿ ಚೆಂಡು ಒದೆಯುವ ಕೆಲಸವಿಲ್ಲ. ತಂಡ ಆರಿಸುವುದು, ಕೊಳ್ಳುವುದು, ಮಾರುವುದು, ಬೆಂಚಿನ ಬಳಿ ನಿಂತು ತಂತ್ರ ಹೂಡುವುದೇ ಆಟ. ಗುಣಗಳಿಗೆ 1ರಿಂದ 20ರವರೆಗೆ ಅಂಕ. ಅದರ ಹಿಂದೆ 200ರ ಅಳತೆಯಲ್ಲಿ ಎರಡು ಗುಟ್ಟಿನ ಅಂಕೆ: ಈಗಿನ ಸಾಮರ್ಥ್ಯ, ಮುಂದೆ ಮುಟ್ಟಬಹುದಾದ ಸಾಮರ್ಥ್ಯ. ಭಾರತದ ಲೀಗ್‌ಗಳೂ ಇದರಲ್ಲಿ ಇವೆ. ಆಯಾ ದೇಶದ ಪಂದ್ಯ ನೋಡುವ ಸಂಶೋಧಕರೇ ಅಂಕ ಬರೆದು ಕಳಿಸುತ್ತಾರೆ. 2008ರಲ್ಲಿ ಇಂಗ್ಲೆಂಡಿನ ಎವರ್ಟನ್ ಕ್ಲಬ್ ನಿಜವಾದ ಆಟಗಾರರನ್ನು ಹುಡುಕಲು ಈ ದತ್ತಾಂಶವನ್ನೇ ಬಳಸುವ ಒಪ್ಪಂದ ಮಾಡಿಕೊಂಡಿತು ಎಂದರೆ ಅದರ ಮೇಲಿನ ನಂಬಿಕೆ ಎಷ್ಟೆಂದು ಊಹಿಸಬಹುದು.

ನಂಬಿಕೆ ಕೈಕೊಟ್ಟ ಕಥೆಗಳೂ ಇವೆ. 2001-02ರ ಆವೃತ್ತಿಯಲ್ಲಿ ಟೊ ಮದೇರಾ ಎಂಬ ಪೋರ್ಚುಗಲ್‌ನ ಸ್ಟ್ರೈಕರ್ ಅಗ್ಗಕ್ಕೆ ಸಿಗುತ್ತಿದ್ದ, ಗೋಲಿನ ಮಳೆ ಸುರಿಸುತ್ತಿದ್ದ. ವಾಸ್ತವದಲ್ಲಿ ಅಂಥ ಆಟಗಾರನೇ ಇರಲಿಲ್ಲ. ಅಲ್ಲಿನ ಸಂಶೋಧಕನೊಬ್ಬ ತನ್ನನ್ನೇ ಪಟ್ಟಿಗೆ ಸೇರಿಸಿಕೊಂಡಿದ್ದ. ವಿಷಯ ಬಯಲಾದ ಮೇಲೆ ಹೆಸರನ್ನು ತೆಗೆದುಹಾಕಲಾಯಿತು. ಅಮೆರಿಕದ ಫ್ರೆಡ್ಡಿ ಅಡು ನಿಜವಾದ ಆಟಗಾರನೇ. ಹದಿನಾಲ್ಕರಲ್ಲೇ ವೃತ್ತಿಪರನಾದ ಹುಡುಗನಿಗೆ ಆಟದೊಳಗೆ ಜಗತ್ತನ್ನೇ ಗೆಲ್ಲುವ ಭವಿಷ್ಯ ಬರೆದಿದ್ದರು, ಬದುಕಿನಲ್ಲಿ ಕ್ಲಬ್ಬಿನಿಂದ ಕ್ಲಬ್ಬಿಗೆ ಅಲೆದಾಟವೇ ಹೆಚ್ಚಾಯಿತು. ಈಗ ಹೇಗೆ ಆಡುತ್ತಾನೆ ಎಂದು ಅಳೆಯುವುದೇ ಕಷ್ಟ. ಮುಂದೆ ಏನಾಗುತ್ತಾನೆ ಎಂದು ಹದಿಹರೆಯದ ಹುಡುಗನ ಮೇಲೆ ಅಂಕೆ ಬರೆಯುವುದು ಅದಕ್ಕಿಂತ ದೊಡ್ಡ ಹೊಣೆ.

ಹಾಗಾದರೆ ತಂಡ ಕಟ್ಟಲು ಕೂತವರು ಏನು ನೋಡಬೇಕು? ಮೊದಲು ತಾನು ಹೇಗೆ ಆಡುತ್ತೇನೆ ಎಂಬುದನ್ನು. ಸಣ್ಣ ಸಣ್ಣ ಪಾಸ್‌ಗಳಲ್ಲಿ ಮುಂದೆ ಸಾಗುವವನಿಗೆ ನಡುಮೈದಾನದಲ್ಲಿ ಪಾಸಿಂಗ್ ಮತ್ತು ಚೆಂಡಿನ ಹಿಡಿತ ಬೇಕು, ಬರೀ ವೇಗದ ಓಟಗಾರರನ್ನು ತುಂಬಿಕೊಂಡರೆ ಪ್ರಯೋಜನವಿಲ್ಲ. ಪಂದ್ಯದ ಕೊನೆಯ ಕಾಲು ಭಾಗದಲ್ಲಿ ಆಟ ಬಿಡುವುದು ಅಭ್ಯಾಸವಾಗಿದ್ದರೆ ದಮ್ಮಿನ ಅಂಕ ನೋಡಬೇಕು. ದುರ್ಬಲ ಕಾಲಿಗೆ ಎಷ್ಟು ನಕ್ಷತ್ರ ಎಂಬುದನ್ನು ಹೆಚ್ಚಿನವರು ಗಮನಿಸುವುದಿಲ್ಲ, ಗೋಲಿನೆದುರು ಚೆಂಡು ತಪ್ಪು ಕಾಲಿಗೆ ಬಿದ್ದಾಗಲೇ ಅದರ ಬೆಲೆ ತಿಳಿಯುತ್ತದೆ. ಮಹಿಳಾ ಮತ್ತು ಪುರುಷ ಆಟಗಾರರ ಅಂಕವನ್ನು ಓದುವಾಗಲೂ ಎಚ್ಚರ ಬೇಕು. ‘ಎಫ್‌ಸಿ 25’ರಲ್ಲಿ ಕಿಲಿಯನ್ ಎಂಬಾಪೆಗೂ ಸ್ಪೇನಿನ ಐತಾನಾ ಬೊನ್ಮಾಟಿಗೂ 91. ತಮ್ಮ ತಮ್ಮ ಆಟದ ಲೋಕದಲ್ಲಿ ಇಬ್ಬರೂ ತುತ್ತತುದಿಯವರು ಎಂಬುದು ಅದರ ಅರ್ಥ. ಅಂಕ ಯಾವಾಗಲೂ ಯಾರದೋ ಜೊತೆಗಿನ ಹೋಲಿಕೆ. ಇನ್ನು ಮೊಬೈಲ್ ಆವೃತ್ತಿಯಲ್ಲಿ ನೂರು ದಾಟಿದ ಕಾರ್ಡುಗಳೇ ಓಡಾಡುತ್ತವೆ. ಅವು ಹಬ್ಬಕ್ಕೆ, ಟೂರ್ನಿಗೆ ಎಂದು ಉಬ್ಬಿಸಿ ಬಿಟ್ಟವು, ಆಟಗಾರನ ನಿಜವಾದ ಅಳತೆಯ ಜೊತೆ ಅವಕ್ಕೆ ಸಂಬಂಧ ಕಡಿಮೆ.

ತಂದೆತಾಯಂದಿರು ತಿಳಿಯಬೇಕಾದದ್ದು ಇಲ್ಲೇ ಇದೆ. ಅಂಕೆ ದೊಡ್ಡದಾದಷ್ಟೂ ಅದಕ್ಕೆ ಕಾಸು ಅಂಟಿಕೊಳ್ಳುತ್ತದೆ. ದುಡ್ಡು ಕೊಟ್ಟು ಕಾರ್ಡುಗಳ ಪ್ಯಾಕ್ ಒಡೆದರೆ ಒಳಗೆ ಯಾರು ಸಿಗುತ್ತಾರೆ ಎಂಬುದು ಅದೃಷ್ಟ. ಇದು ಜೂಜಿಗೆ ಸಮ ಎಂದು ಬೆಲ್ಜಿಯಂನ ಅಧಿಕಾರಿಗಳು ತಕರಾರು ತೆಗೆದಿದ್ದರಿಂದ 2019ರ ಜನವರಿಯಲ್ಲಿ ಇಎ ಆ ದೇಶದಲ್ಲಿ ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್‌ಗಳ ಮಾರಾಟವನ್ನೇ ನಿಲ್ಲಿಸಿತು. ಕೊಳ್ಳದೆಯೂ ಚೆನ್ನಾಗಿ ಆಡಬಹುದು. ಕಡಿಮೆ ಅಂಕದ, ಸರಿಯಾದ ಒಳಗುಣದ ಆಟಗಾರನನ್ನು ಹುಡುಕಿ ತೆಗೆಯುವುದರಲ್ಲಿ ಇರುವ ಖುಷಿ ಪ್ಯಾಕ್ ಒಡೆಯುವುದರಲ್ಲಿ ಖಂಡಿತ ಇಲ್ಲ.

ಪಟ್ಟಿಯಲ್ಲಿ ಇರುವವರ ಮಾತಾಯಿತು. ಇಲ್ಲದವರ ಪಟ್ಟಿ ಇದಕ್ಕಿಂತ ಬಹಳ ಉದ್ದ. 1948ರ ಜುಲೈ 31ರಂದು ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 2-1ರಿಂದ ಸೋತಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಸ್ವತಂತ್ರ ಭಾರತದ ಆ ಮೊದಲ ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಅದೇ ತಂಡದಲ್ಲಿದ್ದ ಬೆಂಗಳೂರಿನ ಅಹ್ಮದ್ ಖಾನ್ ಮುಂದೆ ಕಲ್ಕತ್ತೆಯ ಈಸ್ಟ್ ಬೆಂಗಾಲ್‌ನಲ್ಲಿ ‘ಪಂಚ ಪಾಂಡವ’ರಲ್ಲಿ ಒಬ್ಬರೆನಿಸಿಕೊಂಡರು. ಅವರ ಡ್ರಿಬ್ಲಿಂಗ್‌ಗೆ ಎಷ್ಟು ಅಂಕ ಕೊಡಬೇಕೆಂದು ಹೇಳಲು ಇಂದು ಸಾಕಷ್ಟು ಚಿತ್ರಸುರುಳಿಯೂ ಉಳಿದಿಲ್ಲ. ಹಳೆಯ ಮಾತು ಬಿಡೋಣ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ಗೆದ್ದಿತು. ಆ ಟ್ರೋಫಿ ಆಟದೊಳಗಿಲ್ಲ. ಅದೇ ವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಕಿಕ್‌ಸ್ಟಾರ್ಟ್ ಎಫ್‌ಸಿ ಇಂಡಿಯನ್ ವಿಮೆನ್ಸ್ ಲೀಗ್‌ನ ಫೈನಲ್ ತಲುಪಿತು. ಆ ಲೀಗ್ ಕೂಡ ಇಎ ಆಟದೊಳಗೆ ಬಂದಿಲ್ಲ.

ಚಿಕ್ಕಮಗಳೂರಿನ ಬೆಟ್ಟದ ಹುಡುಗರು, ಹುಡುಗಿಯರು ಇನ್ನೂ ದೂರ. ಇಲ್ಲಿ ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ಮೈದಾನ ಒಣಗುವುದಿಲ್ಲ. ಮಳೆಗಾಲದ ದೊಡ್ಡ ಆಟವೆಂದರೆ ಕೆಸರುಗದ್ದೆಯದು. ಅಲ್ಲಿ ನೂರು ಮೀಟರ್ ಓಟದ ವೇಗಕ್ಕೆ ಬೆಲೆಯಿಲ್ಲ. ಮೊಣಕಾಲುದ್ದ ಕೆಸರಿನಲ್ಲಿ ತೂಕ ತಪ್ಪದೆ ನಿಲ್ಲುವವನು, ನಿಂತ ಚೆಂಡನ್ನು ಕಾಲ್ಬೆರಳಿನಿಂದ ಎಬ್ಬಿಸಿ ಹೊಡೆಯುವವನು ಗೆಲ್ಲುತ್ತಾನೆ. ನವೆಂಬರ್ ಬಂತೆಂದರೆ ಕಾಫಿ ಕುಯ್ಲು, ಮನೆಮಂದಿಗೆಲ್ಲ ತೋಟದ ಕೆಲಸ. ಉಳಿದ ಕೆಲವು ತಿಂಗಳಲ್ಲಿ ಶಾಲೆ, ಕಾಲೇಜು, ತಾಲ್ಲೂಕು ಮಟ್ಟದ ಟೂರ್ನಿಗಳು ನಡೆಯುತ್ತವೆ. ಗೆದ್ದ ತಂಡದ ಫೋಟೊ ಒಂದು ದಿನ ವಾಟ್ಸ್ಆ್ಯಪ್‌ನಲ್ಲಿ ಓಡಾಡಿ ಮರೆಯಾಗುತ್ತದೆ. ಯಾರು ಎಷ್ಟು ನಿಮಿಷ ಆಡಿದರು, ಯಾವ ಕಾಲಿನಲ್ಲಿ ಗೋಲು ಹೊಡೆದರು, ಯಾರು ಪಾಸ್ ಕೊಟ್ಟರು ಎಂಬ ಸಾಲು ಎಲ್ಲೂ ಬರಹಕ್ಕಿಳಿಯುವುದಿಲ್ಲ.

ಆ ಸಾಲನ್ನು ಬರೆಯಬಲ್ಲವರು ಈ ಆಟ ಆಡಿ ಪಳಗಿದ ಮಕ್ಕಳೇ. ಸ್ಥಾನ ಹಿಡಿಯುವಿಕೆ ಎಂದರೇನು, ದುರ್ಬಲ ಕಾಲು ಯಾವುದು, ಚಿಮ್ಮುವ ಶಕ್ತಿಗೂ ಓಟದ ವೇಗಕ್ಕೂ ಏನು ವ್ಯತ್ಯಾಸ ಎಂದು ಅವರಿಗೆ ಯಾರೂ ಕಲಿಸಿಕೊಡಬೇಕಿಲ್ಲ. ಚಿಕ್ಕಮಗಳೂರಿನ ಜಿಲ್ಲಾ ಆಟದ ಮೈದಾನದಲ್ಲೋ ಮೂಡಿಗೆರೆಯ ಕಾಲೇಜಿನ ಅಂಗಳದಲ್ಲೋ ಪಂದ್ಯ ನಡೆಯುವಾಗ ಇಬ್ಬರು ಹುಡುಗಿಯರೋ ಹುಡುಗರೋ ಗೆರೆಯ ಹೊರಗೆ ಕೂತು, ಒಂದೇ ಆಟಗಾರನಿಗೆ ಬೇರೆ ಬೇರೆಯಾಗಿ ಅಂಕ ಹಾಕಿ, ಆಮೇಲೆ ಕಪ್ಪಿಂಗ್ ಮೇಜಿನವರಂತೆ ತಾಳೆ ನೋಡಿಕೊಳ್ಳಬಹುದು. ಅಖಿಲ ಭಾರತ ಫುಟ್ಬಾಲ್ ಫೆಡರೇಷನ್ನಿನ ಕೇಂದ್ರೀಕೃತ ನೋಂದಣಿ ವ್ಯವಸ್ಥೆಯಲ್ಲಿ ಆಟಗಾರನ ಹೆಸರು ಸೇರಿಸಲು ಅವಕಾಶವಿದೆ. ಶಾಲೆಯ ದೈಹಿಕ ಶಿಕ್ಷಕರು, ಊರಿನ ಕ್ಲಬ್ಬುಗಳು ಅದನ್ನು ಮಾಡಿಸಿ, ಜೊತೆಗೆ ಪಂದ್ಯದ ದಾಖಲೆಯನ್ನೂ ಫೋನಿನ ವಿಡಿಯೋವನ್ನೂ ವರ್ಷಕ್ಕೆ ವರ್ಷ ಕೂಡಿಸಿಟ್ಟರೆ, ಬೆಂಗಳೂರಿನ ಸ್ಕೌಟ್ ಒಬ್ಬರು ಕೇಳಿದ ದಿನ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ.